ಪುಕ್ಕಟೆ ನಕಾಶೆ ಹಂಚಿದ ವರ್ಷಗಳು

ಎಂಬತ್ತರ ದಶಕದ ಮೊದಲಲ್ಲಿ ಚಿಕ್ಕೋಡಿಯ ಒಂದು ತರಬೇತಿ ಕೇಂದ್ರದಲ್ಲಿ ಬಡಗಿತನ ಕಲಿಸುವ ಮಾಸ್ತರನಾಗಿ ಸೇರಿದೆ. ಕಲಿಸಿದ್ದಕ್ಕಿಂತ ತಿರುಗಾಡಿದ್ದೇ ಹೆಚ್ಚು. ನಮ್ಮ ಮನೆತನದ ಅಡ್ಡಹೆಸರು ಬಡಿಗೇರ. ಅಜ್ಜ ಬಂಡಿ ಮಾಡುತ್ತಿದ್ದ, ಅಪ್ಪ ಬಾಗಿಲು ಕಿಟಕಿ ಮಾಡುತ್ತಿದ್ದ. ನನ್ನ ಹೆಗಲಚೀಲದಲ್ಲಿ ಮಾತ್ರ ಉಳಿ, ಕೀಸುಳಿಗಿಂತ ಕಾಗದವೇ ಜಾಸ್ತಿ ಇರುತ್ತಿತ್ತು. ಮಣೆ, ಬೆಂಚು, ಮೇಜು, ಕಪಾಟು, ಕುರ್ಚಿ, ಹೀಗೆ ಮನೆಗೆ ಬೇಕಾದ ಸಾಮಾನುಗಳನ್ನು ಮನೆಯವರೇ ಕೈಯಾರೆ ಮಾಡಿಕೊಳ್ಳಲಿ ಎಂದು ನಾವು ನಕಾಶೆ ಬರೆದು, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು, ಊರೂರಿಗೆ ಹೋಗಿ ಪುಕ್ಕಟೆ ಹಂಚುತ್ತಿದ್ದೆವು. ಸಂತೆಗೆ, ಶಾಲೆಗೆ, ಹಿಟ್ಟಿನ ಗಿರಣಿಯ ಕಟ್ಟೆಗೆ, ಎಲ್ಲೆಲ್ಲಿ ನಾಲ್ಕು ಜನ ಕೂಡುತ್ತಾರೋ ಅಲ್ಲಿಗೆಲ್ಲ ಹೋಗುತ್ತಿದ್ದೆ. ನಾಲ್ಕು ವರ್ಷದಲ್ಲಿ ನನ್ನ ಹೆಸರು ಯಾರಿಗೂ ಬೇಡವಾಯಿತು. ರಾಯಬಾಗದಿಂದ ಕಾಗವಾಡದವರೆಗೂ ನಾನು ನಕಾಶೆ ಮಾಸ್ತರ.

ಪುಕ್ಕಟೆ ಕೊಡುವುದು ಸುಲಭವಲ್ಲ ಎಂದು ಮೊದಲ ತಿಂಗಳಲ್ಲೇ ತಿಳಿಯಿತು. ರಾಯಬಾಗದ ಸಂತೆಯಲ್ಲಿ ಒಬ್ಬ ಮುದುಕ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕ ಹೆಬ್ಬಟ್ಟ ಎಲ್ಲಿ ಒತ್ತಬೇಕ್ರಿ?" ಎಂದ. ಎಲ್ಲೂ ಬೇಡ ಎಂದೆ. "ಹಂಗಾರ ಬ್ಯಾಡ ಬಿಡ್ರಿ. ಸರಕಾರದವರು ಹೆಬ್ಬಟ್ಟ ಒತ್ತಿಸಿಕೊಳ್ಳದ ಏನರ ಕೊಡಾಕತ್ತಾರ ಅಂದ್ರ ಅದರಾಗ ಏನೋ ಐತಿ," ಎಂದು ಹಾಳೆಯನ್ನು ಮಡಚಿ ನನ್ನ ಜೇಬಿಗೇ ಇಟ್ಟು ಹೋದ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ದುಂಡಪ್ಪ ಕಾಂಬಳೆಯವರ ಮೇಜಿನ ಕತೆ. ಅವರು ರಾಯಬಾಗದ ಕಡೆಯ ಒಂದು ಊರಿನ ಪಂಚಾಯಿತಿ ಆಫೀಸಿನಲ್ಲಿ ಸಿಪಾಯಿ. ಮಗಳು ಏಳನೆಯ ಇಯತ್ತೆ ಓದುತ್ತಿದ್ದಳು, ಓದುವುದಕ್ಕೆ ಮನೆಯಲ್ಲಿ ಮೇಜಿರಲಿಲ್ಲ. ನಮ್ಮ ಹಾಳೆ ಒಯ್ದು, ದ್ರಾಕ್ಷಿ ಪೆಟ್ಟಿಗೆಯ ಹಲಗೆ ಮತ್ತು ಒಂದು ಹಳೆಯ ಬೇವಿನ ತೊಲೆ ಹಾಕಿ, ಎರಡು ರವಿವಾರದಲ್ಲಿ ಮೇಜು ಮಾಡಿದರು. ನೋಡಬನ್ನಿ ಎಂದು ಕರೆದರು, ಹೋದೆ. ಮೇಜು ಚೊಕ್ಕವಾಗಿತ್ತು, ಮೊಳೆಯ ತಲೆ ಒಂದೂ ಕಾಣುತ್ತಿರಲಿಲ್ಲ. ಆದರೆ ಹಿಂದಿನ ಎರಡು ಕಾಲು ಮುಂದಿನವಕ್ಕಿಂತ ನಾಲ್ಕು ಬೆರಳು ಗಿಡ್ಡ. ಪೆನ್ಸಿಲ್ ಇಟ್ಟರೆ ಉರುಳಿಕೊಂಡು ಗೋಡೆಗೆ ಹೋಗಿ ಬಡಿಯುತ್ತಿತ್ತು.

"ಕಾಂಬಳೆಯವರ, ಹಿಂದಿನ ಕಾಲು ಗಿಡ್ಡ ಯಾಕ ಮಾಡಿದ್ರಿ?"

ಅವರು ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಬಿಚ್ಚಿ ತಂದು ನನ್ನ ಮುಂದೆ ಹಿಡಿದರು. "ನೀವು ಹೆಂಗ ಬರದೀರಿ, ಹಂಗ ಕೊಯ್ದೀನ್ರಿ ಸರ. ನೋಡ್ರಿ, ಇಲ್ಲಿ ಹಿಂದಿನ ಕಾಲು ಗಿಡ್ಡ ಐತಿ. ಚಿತ್ರದ ಮ್ಯಾಲ ಪಟ್ಟಿ ಇಟ್ಟ ಅಳತಿನೂ ನೋಡೀನಿ."

ಚಿತ್ರದಲ್ಲಿ ನಿಜಕ್ಕೂ ಗಿಡ್ಡವಾಗಿತ್ತು. ದೂರದ್ದು ಸಣ್ಣದಾಗಿ ಕಾಣಬೇಕು ಎಂದು ಕಲಿಸಿದ್ದರಲ್ಲ, ಹಾಗೆಯೇ ಬರೆದಿದ್ದೆ. ಅದು ಕಣ್ಣಿಗೆ ಕಂಡ ಮೇಜು, ಕೊಯ್ಯುವ ಮೇಜಲ್ಲ ಎಂದು ಹಾಳೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬಾಗಿಲಿನಲ್ಲಿ ನಿಂತಿದ್ದ ಮಗಳು, "ಇರಲಿ ಬಿಡ್ರಿ ಸರ, ನನಗ ಹಿಂಗ ಚಲೋ ಅನಸತೈತಿ. ಪೆನ್ಸಿಲ್ ಎಲ್ಲಿ ಹೋತು ಅಂತ ಹುಡುಕೂದ ಇಲ್ಲ, ಗೋಡಿ ಹತ್ತರನ ಇರತೈತಿ," ಎಂದಳು. ಕಾಂಬಳೆಯವರು ನಕ್ಕರು. ನಾನೂ ನಕ್ಕೆ. ಆ ವಾರದಿಂದ ಹಾಳೆಯಲ್ಲಿ ಅಂದವಾದ ಚಿತ್ರ ಬರೆಯುವುದನ್ನು ಬಿಟ್ಟೆ. ಕಾಲು, ಪಟ್ಟಿ, ಹಲಗೆ ಎಲ್ಲವನ್ನೂ ಬಿಡಿಬಿಡಿಯಾಗಿ, ನೆಲದ ಮೇಲೆ ಮಲಗಿಸಿದಂತೆ ಬರೆದು ಅಳತೆ ಹಾಕತೊಡಗಿದೆ.

ಅದು ನಮ್ಮ ಮೇಲಧಿಕಾರಿ ದೇಶಪಾಂಡೆ ಸಾಹೇಬರಿಗೆ ಸೇರಲಿಲ್ಲ. ಅವರು ಧಾರವಾಡದವರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಮೂರು ಬಗೆಯ ಪೆನ್ಸಿಲು. ಹಾಳೆಯ ಅಂಚು ಸುತ್ತ ಒಂದೇ ಸಮ ಇರಬೇಕು, ಅಕ್ಷರ ನೆಟ್ಟಗಿರಬೇಕು. ಒಂದು ಗೆರೆ ಡೊಂಕಾದರೆ ಇಡೀ ಸ್ಟೆನ್ಸಿಲ್ ಹರಿದು ಹಾಕುತ್ತಿದ್ದರು. "ಏನ್ರೀ ಬಡಿಗೇರ, ಇದು ನಕಾಶೆನೋ, ಕಟಗಿ ಅಡ್ಡೆಯ ಪಟ್ಟಿನೋ?" ಎಂದು ಬೈದರು. ಕಾಂಬಳೆಯವರ ಮೇಜಿನ ಕತೆ ಹೇಳಿದೆ. ಹಾಳೆಯನ್ನು ಮತ್ತೊಮ್ಮೆ ನೋಡಿ, "ಸರಿ. ಆದ್ರ ಅಂಚು ಸಮಾ ಇರ್ಲಿ," ಎಂದರು. ಪ್ರತಿ ಹಾಳೆಯ ಕೆಳಗೆ 'ಪರಿಶೀಲಿಸಿದೆ' ಎಂದು ಬರೆದು ಸಹಿ ಮಾಡುವುದು ಅವರ ರೂಢಿ. ಏಳು ವರ್ಷ ಅವರ ಕೈಕೆಳಗೆ ಇದ್ದೆ. ಹೆಚ್ಚಿನ ಕಾಲ ಅವರು ನೋಡುವುದು ಅಂಚನ್ನು ಮಾತ್ರ ಎಂದೇ ತಿಳಿದಿದ್ದೆ.

ಅಥಣಿ ಕಡೆ ನನಗೆ ಸಿಕ್ಕ ಸ್ವಾಗತ ಬೇರೆ. ಕೊಕಟನೂರಿನ ಈರಪ್ಪ ಸುತ್ತಿನ ಹತ್ತು ಊರಿಗೆ ದೊಡ್ಡ ಬಡಿಗ. ಅವನ ಅಂಗಡಿಯ ಎದುರಿಗೆ ಹಾಳೆ ಹಂಚುತ್ತ ನಿಂತಿದ್ದೆ. ಕೈಯಲ್ಲಿ ಬಾಚಿ ಹಿಡಿದುಕೊಂಡೇ ಹೊರಗೆ ಬಂದ.

"ಯಾರ ಮಗಾ ನೀ?"

ಅಪ್ಪನ ಹೆಸರು, ಊರು ಹೇಳಿದೆ.

"ಬಡಿಗೇರ ಮನಿಯಾಂವ ಆಗಿ ಬಡಿಗೇರ ಅನ್ನದಾಗ ಮಣ್ಣ ಹಾಕಾಕ ಬಂದೀಯಲ್ಲಲೇ! ಎಲ್ಲಾರೂ ತಮ್ಮ ಕುರ್ಚಿ ತಾವ ಮಾಡಕೊಂಡ್ರ ನಾ ಏನ ಮಾಡ್ಲಿ?"

ನನ್ನ ಹತ್ತಿರ ಸಿದ್ಧ ಉತ್ತರ ಇತ್ತು: ಹತ್ತಿರದಲ್ಲಿ ಬಡಿಗರಿಲ್ಲದವರಿಗೆ, ಮಾಡಿಸುವ ತಾಕತ್ತಿಲ್ಲದವರಿಗೆ ಈ ಹಾಳೆ ಎಂದು. ಹೇಳಿದೆ. ಈರಪ್ಪ ಅದನ್ನು ಕೇಳಿಸಿಕೊಳ್ಳಲೇ ಇಲ್ಲ, ಒಳಗೆ ಹೋಗಿ ಕೆಲಸಕ್ಕೆ ಕೂತ. ಮುಂದೆ ಆ ಊರಿಗೆ ಹೋದಾಗಲೆಲ್ಲ ಅವನ ಅಂಗಡಿಯ ಹಿಂದಿನ ಓಣಿಯಿಂದ ಹಾಯ್ದು ಹೋಗುತ್ತಿದ್ದೆ. ಅವನನ್ನು ಕೂಡ್ರಿಸಿಕೊಂಡು ಮಾತಾಡಬೇಕಾಗಿತ್ತು. ಮಾತಾಡಲಿಲ್ಲ. ಅದರಿಂದ ಆದ ನಷ್ಟ ಎಷ್ಟು ಎಂದು ಒರಗು ಕುರ್ಚಿಯ ಹಾಳೆ ಹೊರಬಿದ್ದ ಮೇಲೆ ಗೊತ್ತಾಯಿತು.

ಆ ಹಾಳೆಗೆ ಬೇಡಿಕೆ ಬಹಳ ಇತ್ತು. ಬೆನ್ನು ಹಿಂದಕ್ಕೆ ಚೆಲ್ಲಿ ಕೂಡುವ ಕುರ್ಚಿ ಊರಿನಲ್ಲಿ ಎಲ್ಲೋ ಒಂದು ದೊಡ್ಡ ಮನೆಯಲ್ಲಿ ಇರುತ್ತಿತ್ತು. ನಾನು ಮೊದಲು ಕೇಂದ್ರದಲ್ಲಿ ಒಂದನ್ನು ಮಾಡಿ ನೋಡಿದೆ. ಚೆನ್ನಾಗಿ ನಿಂತಿತು. ಅದರ ಅಳತೆಯನ್ನು ಸ್ಟೆನ್ಸಿಲ್‌ಗೆ ಇಳಿಸಿದೆ, ಸಾಹೇಬರು ಸಹಿ ಮಾಡಿದರು, ನೂರೈವತ್ತು ಪ್ರತಿ ತೆಗೆದು ನಾಲ್ಕೂ ದಿಕ್ಕಿಗೆ ಹಂಚಿದೆ.

ಎರಡು ತಿಂಗಳ ಮೇಲೆ ಅಕ್ಕೋಳಕ್ಕೆ ಹೋದೆ. ಅಲ್ಲಿಯ ಸಿದಗೌಡರದು ಕಬ್ಬಿನ ಹೊಲಮನೆಯ ಹಳೆಯ ಕುಟುಂಬ. ನಲವತ್ತು ದಾಟಿದ ಮನುಷ್ಯ, ಗಟ್ಟಿ ಆಳು, ಆದರೆ ಗರಗಸ ಹಿಡಿದದ್ದು ಆ ವರ್ಷವೇ ಮೊದಲು. ತಾಯಿ ಗಂಗವ್ವನಿಗೆ ಮೊಣಕಾಲು ಬೇನೆ, ನೆಲಕ್ಕೆ ಕೂತರೆ ಏಳಲಾಗುತ್ತಿರಲಿಲ್ಲ. ಅವಳಿಗಾಗಿ ಕೈಯಾರೆ ಒಂದು ಒರಗು ಕುರ್ಚಿ ಮಾಡಬೇಕೆಂದು ಹಟ ಹಿಡಿದು ಹಾಳೆ ಒಯ್ದಿದ್ದರು. ಕುರ್ಚಿ ಹೇಗೆ ಬಂತು ಎಂದು ನೋಡುವ ಉಮೇದಿಯಲ್ಲಿ ಒಳಗೆ ಹೋದರೆ, ಪಡಸಾಲೆಯಲ್ಲಿ ಗಂಗವ್ವ ಎಡಗೈಗೆ ಪಟ್ಟಿ ಕಟ್ಟಿಸಿಕೊಂಡು ಗೋಡೆಗೆ ಆತು ಕೂತಿದ್ದಳು.

"ಬಿದ್ದ್ಯಾ ಆಯಿ?"

"ಬಿದ್ನಿ ನೋಡಪಾ. ಮುದಿ ಮೂಳಿ. ಕುರ್ಚಿ ಏನ ಮಾಡೀತು," ಎಂದಳು. ಹಾಗೆನ್ನುತ್ತ ಕಣ್ಣಿನಿಂದ ಮಗನ ಕಡೆ ತೋರಿಸಿ, ಮಾತು ಬೆಳೆಸಬೇಡ ಎಂಬಂತೆ ತಲೆ ಆಡಿಸಿದಳು.

ಸಿದಗೌಡರು ಕಂಬದ ಮರೆಗೆ ನಿಂತಿದ್ದರು. "ನನ್ನ ಕೈ ಸರಿ ಇಲ್ರಿ ಮಾಸ್ತರ. ಅವ್ವ ಹಿಂದಕ ಒರಗಿದ್ಲು, ಕುರ್ಚಿ ಮಗಚಿ ಬಿತ್ತು. ಎಲ್ಲೋ ತಪ್ಪ ಕೊಯ್ದೀನಿ. ಅದನ್ನ ಒಯ್ದು ಗಾಣದ ಒಲಿಗೆ ಹಾಕಿಬಿಟ್ಟೆ. ಇನ್ನ ಆ ಉಸಾಬರಿ ಬ್ಯಾಡ." ಮೂಲೆಯಲ್ಲಿ ಹೊಸ ಗರಗಸ, ಉಳಿ ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದರು.

"ಹಾಳಿ ಐತೇನ್ರಿ?" ಎಂದು ಕೇಳಿದೆ. ಜಂತಿಯ ಸಂದಿನಿಂದ ತೆಗೆದುಕೊಟ್ಟರು. ಹಿಂಗಾಲು ನೆಲಕ್ಕೆ ತಾಗುವ ಜಾಗ ಕೂಡುವ ಹಲಗೆಯಿಂದ ಒಂಬತ್ತು ಇಂಚು ಹಿಂದೆ ಇರಬೇಕು. ಹಾಳೆಯಲ್ಲಿ ಆರು ಎಂದಿತ್ತು. ಕನ್ನಡದ ಆರಕ್ಕೂ ಒಂಬತ್ತಕ್ಕೂ ಬಾಲ ಹೊರಳುವ ದಿಕ್ಕಿನಷ್ಟೇ ಅಂತರ. ನೆಟ್ಟಗೆ ಕೂತರೆ ಆ ಕುರ್ಚಿಗೆ ಏನೂ ಆಗದು, ನಂಬಿ ಪೂರ್ತಿ ಒರಗಿದರೆ ಮಾತ್ರ ಹಿಂದಕ್ಕೆ ಮಗುಚುತ್ತದೆ.

ಸಿದಗೌಡರು ನನ್ನ ಮುಖವನ್ನೇ ನೋಡುತ್ತಿದ್ದರು. ಅಲ್ಲೇ ಹೇಳಬೇಕಾಗಿತ್ತು. "ಒಯ್ದು ನೋಡಿ ಹೇಳತೀನ್ರಿ," ಎಂದು ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು, ಗಂಗವ್ವ ಕೊಡಿಸಿದ ಚಹಾವನ್ನು ನಿಂತೇ ಕುಡಿದು ಹೊರಟುಬಂದೆ.

ಕೇಂದ್ರಕ್ಕೆ ಬಂದು ಸ್ಟೆನ್ಸಿಲ್ ಹುಡುಕಿದೆ. ತಪ್ಪು ಯಂತ್ರದ್ದಾಗಿರಲಿ, ಶಾಯಿ ಹರಡಿದ್ದಾಗಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಬೆಳಕಿಗೆ ಹಿಡಿದು ನೋಡಿದರೆ ನನ್ನದೇ ಕೈಬರಹ, ಸ್ಪಷ್ಟವಾದ ಆರು. ಕೇಂದ್ರದಲ್ಲಿ ಮಾಡಿದ ಕುರ್ಚಿಯನ್ನು ನಾನು ಹಾಳೆ ನೋಡಿ ಮಾಡಿರಲಿಲ್ಲ, ತಲೆಯಲ್ಲಿದ್ದ ಅಳತೆಯಿಂದ ಮಾಡಿದ್ದೆ. ಹಾಳೆ ಹಿಡಿದು ಒಂದೇ ಒಂದು ಕುರ್ಚಿ ಮಾಡಿದ್ದರೆ ಸಿಕ್ಕಿಬೀಳುತ್ತಿತ್ತು.

ಎಂಟು ದಿನ ಯಾರಿಗೂ ಹೇಳಲಿಲ್ಲ. ಮನುಷ್ಯ ತಾನೇ ತಪ್ಪು ಮಾಡಿದೆ ಎಂದುಕೊಂಡಿದ್ದಾನೆ, ಕುರ್ಚಿ ಸುಟ್ಟು ಬೂದಿಯಾಗಿದೆ, ಸುಮ್ಮನಿದ್ದರೆ ಯಾರಿಗೆ ತಿಳಿಯುತ್ತದೆ ಎಂದು ಒಂದು ಮನಸ್ಸು. ಉಳಿದ ಹಾಳೆಗಳು ಯಾವ ಯಾವ ಮನೆಯಲ್ಲಿವೆಯೋ, ಇವತ್ತು ಯಾವ ಮುದುಕಿ ಒರಗುತ್ತಾಳೋ ಎಂದು ಇನ್ನೊಂದು ಮನಸ್ಸು. ಒಂಬತ್ತನೆಯ ದಿನ ಬೆಳಿಗ್ಗೆ ದೇಶಪಾಂಡೆ ಸಾಹೇಬರ ಮೇಜಿನ ಮೇಲೆ ಹಾಳೆ, ಸ್ಟೆನ್ಸಿಲ್ ಎರಡನ್ನೂ ಇಟ್ಟು ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. "ಆ ಮನಷಾಗ ಇನ್ನೂ ಹೇಳಿಲ್ಲ ನೀವು?"

"ಇಲ್ರಿ ಸಾಹೇಬರ."

"ಇದರ ಕೆಳಗ ಯಾರ ಸಹಿ ಐತಿ?"

"ನಿಮ್ದ್ರಿ."

"ಪರಿಶೀಲಿಸಿದೆ ಅಂತ ಬರದೀನಿ. ಏನ ಪರಿಶೀಲಿಸಿದೆ ನಾನು? ಅಂಚು! ನಡೀರಿ ಅಕ್ಕೋಳಕ್ಕ, ನಿಪ್ಪಾಣಿ ಬಸ್ಸು ಎಷ್ಟಕ್ಕೈತಿ?"

ಅಕ್ಕೋಳದ ಆ ಪಡಸಾಲೆಯಲ್ಲಿ, ಬಿಳಿ ಅಂಗಿಯ ಸಾಹೇಬರು ಚಾಪೆಯ ಮೇಲೆ ಗಂಗವ್ವನ ಎದುರಿಗೆ ಕೂತು, "ತಾಯಿ, ನಿಮ್ಮ ಮಗಂದು ಏನೂ ತಪ್ಪಿಲ್ಲ. ಅಳತಿ ನಾವು ತಪ್ಪ ಕೊಟ್ಟೇವಿ," ಎಂದರು. ನಾನು ಸ್ಟೆನ್ಸಿಲ್ ತೋರಿಸಿದೆ.

ಸಿದಗೌಡರು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಅವತ್ತ ಹಾಳಿ ನೋಡಿದಾಗನ ಗೊತ್ತಾಗಿತ್ತೇನ್ರಿ ನಿಮಗ?"

"ಹೌದ್ರಿ."

"ತಪ್ಪು ಯಾರಿಗೂ ಆಗತೈತ್ರಿ ಮಾಸ್ತರ. ಅದಕ್ಕ ನನಗ ಸಿಟ್ಟಿಲ್ಲ. ಆದ್ರ ಇಷ್ಟ ದಿನ ನಾ ಅವ್ವನ ಎದುರಿಗೆ ಕುಂತ ಊಟಾ ಮಾಡಿಲ್ಲ. ಅವತ್ತ ಒಂದ ಮಾತ ಹೇಳಿದ್ರ, ಅವತ್ತ ಉಣತಿದ್ನಿ."

ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಬಂದ ಮೆಮೊ, ನೋಟೀಸು ಎಲ್ಲವೂ ಮರೆತುಹೋಗಿವೆ. ಆ ಮಾತು ಇಂದಿಗೂ ಮರೆತಿಲ್ಲ.

ಆಗ ಮಾತಾಡಿದವಳು ಗಂಗವ್ವ. "ಆತು ಬಿಡೋ ಸಿದ್ದ. ಎಂಟ ದಿನ ಹೋದುವು, ಇನ್ನ ಒಂಬತ್ತನೇದೂ ಹಿಂಗ ಕಳೀಬ್ಯಾಡ. ಇನ್ನೊಂದ ಕುರ್ಚಿ ಮಾಡು. ಒಮ್ಮೆ ಬಿದ್ದೇನಿ ಅಂತ ಸಾಯೂತನಕ ನೆಲಕ್ಕ ಕುಂಡ್ರಲ್ಯಾ?"

ಮುಂದಿನ ರವಿವಾರ ಮತ್ತೆ ಹೋದೆ. ಈ ಸಲ ಒಂದು ನೇಮ ಮಾಡಿಕೊಂಡೆ: ನನ್ನ ಕೈ ಮರ ಮುಟ್ಟಬಾರದು. ಹೊಸ ಹಾಳೆ ಹಿಡಿದು ನಾನು ಓದುವುದು, ಸಿದಗೌಡರು ಕೊಯ್ಯುವುದು. ಅವರಿಗೆ ತಿಳಿಯದೆ ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ಹಾಳೆಯದೇ ತಪ್ಪು ಎಂದು ತಿಳಿದು ಗುರುತು ಹಾಕುವುದು. ಬೆಳಗಿನಿಂದ ಸಂಜೆಯೊಳಗೆ ಹನ್ನೊಂದು ಕಡೆ ತಡೆದರು. ಹನ್ನೊಂದು ಗುರುತು. 'ಪಟ್ಟಿಯನ್ನು ಒಳಬದಿಗೆ ಜೋಡಿಸಿ' ಎಂದಿತ್ತು. "ಒಳಬದಿ ಅಂದ್ರ ಕುಂತಾವಗ ಒಳಗೋ, ನಿಂತ ನೋಡಾವಗ ಒಳಗೋ?" ಎಂದು ಕೇಳಿದರು. ಅಷ್ಟು ವರ್ಷ ಮೇಜಿನಿಂದ ಹಿಡಿದು ಕಪಾಟಿನವರೆಗೆ ಎಲ್ಲ ಹಾಳೆಯಲ್ಲೂ 'ಒಳಬದಿ' ಎಂದೇ ಬರೆದಿದ್ದೆ.

ಕುರ್ಚಿ ಮುಗಿಯಲು ಮತ್ತೊಂದು ರವಿವಾರ ಹಿಡಿಯಿತು. ಜಾಲಿ ಮರದ ಕಾಲು, ಬೇವಿನ ಹಲಗೆ. ಗಂಗವ್ವ ಬಲಗೈಯಿಂದ ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಕೂತಳು. ನೆಟ್ಟಗೇ ಕೂತಿದ್ದಳು. ಯಾರೂ ಒರಗು ಎನ್ನಲಿಲ್ಲ. ಅಂಗಳದಲ್ಲಿ ಯಾರದೋ ಟ್ರ್ಯಾಕ್ಟರ್ ಬಂದು ನಿಂತಿತು, ಹೋಯಿತು. ಆಮೇಲೆ ಅವಳು ಕಣ್ಣು ಮುಚ್ಚಿ ಬೆನ್ನನ್ನು ಪೂರ್ತಿ ಹಿಂದಕ್ಕೆ ಚೆಲ್ಲಿದಳು. ಸಿದಗೌಡರು ಕುರ್ಚಿಯ ಹಿಂದೆ ಎರಡೂ ಕೈ ಚಾಚಿ, ಮುಟ್ಟದೆ ನಿಂತಿದ್ದರು. ಕುರ್ಚಿ ಕದಲಲಿಲ್ಲ. ಅವರ ಕೈಗಳು ಮಾತ್ರ ಬಹಳ ಹೊತ್ತು ಹಾಗೆಯೇ ಇದ್ದವು.

ಇನ್ನು ಉಳಿದ ಹಾಳೆಗಳು. ಯಾರಿಗೆ ಕೊಟ್ಟೆವು ಎಂದು ಬರೆದಿಟ್ಟಿರಲಿಲ್ಲ. ಸಾಹೇಬರು ಮತ್ತು ನಾನು ಊರು ಹಂಚಿಕೊಂಡು ತಿರುಗತೊಡಗಿದೆವು. ಕಾಗವಾಡದಲ್ಲಿ ಬೇಗ ಆಗಲಿ ಎಂದು ಡಂಗುರ ಸಾರಿಸಿದೆ: "ಒರಗು ಕುರ್ಚಿ ಮಾಡಿದವರು ಎಲ್ಲಾರೂ ಚಾವಡಿಗೆ ಬರಬೇಕು!" ಮಧ್ಯಾಹ್ನದವರೆಗೆ ಕಾದರೂ ನರಪಿಳ್ಳೆ ಬರಲಿಲ್ಲ. ಕುರ್ಚಿಗೆ ಸರಕಾರ ಕರ ಹಾಕುತ್ತದೆಂದು ಸುದ್ದಿ ಹಬ್ಬಿ, ಇದ್ದವರೆಲ್ಲ ಕುರ್ಚಿಗಳನ್ನು ಜೋಳದ ಕಣಿಕೆಯ ಬಣವೆಯೊಳಗೆ ಹುಗಿದಿಟ್ಟಿದ್ದರು. ಕಡೆಗೆ ಒಬ್ಬ ಹೆಣ್ಣುಮಗಳು ನನ್ನ ಮೋರೆ ನೋಡಿ ಕನಿಕರಪಟ್ಟು, "ಕುರ್ಚಿ ಮಗಚತೈತಿ ಅಂತ ಹೇಳಿ ಸಾರಸ್ರೆಪಾ, ತಾವ ಹೊತ್ಕೊಂಡ ಬರ್ತಾರ," ಎಂದಳು. ಹಾಗೆ ಸಾರಿಸಿದೆ. ಗಳಿಗೆಯಲ್ಲಿ ಒಂಬತ್ತು ಕುರ್ಚಿ ಬಂದವು, ಮೈಗೆಲ್ಲ ಕಣಿಕೆ ಅಂಟಿಸಿಕೊಂಡು.

ಕೊಕಟನೂರಿಗೆ ಹೋಗುವಾಗ ಹಿಂದಿನ ಓಣಿ ಹಿಡಿಯಲಿಲ್ಲ. ನೇರವಾಗಿ ಈರಪ್ಪನ ಅಂಗಡಿಗೆ ಹೋದೆ. ಅವನು ಕೆಲಸ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡು, ಅಂಗಡಿಯ ಮೂಲೆ ತೋರಿಸಿದ. ಅಲ್ಲಿ ನಮ್ಮ ಅಳತೆಯ ಎರಡು ಒರಗು ಕುರ್ಚಿ ಇದ್ದವು. ಎರಡಕ್ಕೂ ಎಡಬಲಕ್ಕೆ ಮುಂಗಾಲು ಹಿಂಗಾಲು ಸೇರಿಸಿ ಕೆಳಗೆ ಒಂದೊಂದು ಉದ್ದ ಪಟ್ಟಿ ಜೋಡಿಸಿದ್ದ. ಪಟ್ಟಿಯ ತುದಿ ಹಿಂದಕ್ಕೆ ಒಂದು ಗೇಣು ಚಾಚಿಕೊಂಡಿತ್ತು. ಎಷ್ಟು ಒರಗಿದರೂ ಮಗುಚುವಂತಿರಲಿಲ್ಲ.

"ಇಂಥಾವು ಐದ ರಿಪೇರಿ ಮಾಡೀನಿ ಇಷ್ಟೊತ್ತಿಗೆ. ಮೊದಲನೇದ ಕಂಡಾಗನ ತಿಳೀತು, ನಿನ್ನ ಅಳತಿ ತಪ್ಪೈತಿ ಅಂತ."

"ಹೇಳಬಾರದಾಗಿತ್ತೇನ ಕಾಕಾ?"

"ನೀ ಕೇಳಿದಿ ಏನು? ಹಿಂದಿನ ಓಣ್ಯಾಗ ಹಾದ ಹೋಗಾವಗ ಏನ ಹೇಳ್ಲಿ?"

ಆ ಮಧ್ಯಾಹ್ನ ಅವನ ಮನೆಯಲ್ಲಿ ರೊಟ್ಟಿ ಊಟ ಮಾಡಿದೆ. ಅವನ ಪಟ್ಟಿಯ ಉಪಾಯವನ್ನು ಬರೆದುಕೊಂಡು ಬಂದು, ಅದೇ ವಾರ ಚೀಟಿ ಮಾಡಿ ಊರೂರಿಗೆ ಕಳಿಸಿದೆವು. ಹಳೆಯ ಕುರ್ಚಿಗಳನ್ನು ಮುರಿಯುವ ಅಗತ್ಯವೇ ಬೀಳಲಿಲ್ಲ. ಜನ ಹಾಳೆ ಒಯ್ದರೂ ಹಲಗೆ ಕೀಸಲು, ತೂತು ಕೊರೆಯಲು ತನ್ನ ಹತ್ತಿರವೇ ಬರುತ್ತಾರೆ, ಕೆಲಸ ಕಡಿಮೆಯಾಗಿಲ್ಲ ಎಂದು ಊಟದ ನಡುವೆ ಈರಪ್ಪನೇ ಒಪ್ಪಿಕೊಂಡ. "ಆದ್ರೂ ನೀ ಬಡಿಗೇರ ಅನ್ನೂದ ನನಗ ನಂಬಿಗಿ ಇಲ್ಲ ತಗೋ," ಎಂದು ಇನ್ನೊಂದು ರೊಟ್ಟಿ ಹಾಕಿದ.

ಎಲ್ಲ ಕುರ್ಚಿಗಳೂ ಸಿಕ್ಕವೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಯಾವುದಾದರೂ ಮನೆಯ ಪಡಸಾಲೆಯಲ್ಲಿ ಹಳೆಯ ಒರಗು ಕುರ್ಚಿ ಕಂಡರೆ ಈಗಲೂ ಮೊದಲು ಅದರ ಹಿಂಗಾಲು ನೋಡುತ್ತೇನೆ.

ಆಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಅಂಕಿಯ ಪಕ್ಕಕ್ಕೆ ಅಕ್ಷರದಲ್ಲಿಯೂ ಅಳತೆ ಬರೆದೆವು, ನಿಪ್ಪಾಣಿ ಕಡೆಗೆ ಹೋಗುವ ಹಾಳೆಯ ಬೆನ್ನಿಗೆ ಮರಾಠಿಯಲ್ಲಿ. ಸಣ್ಣ ಸಾಮಾನಾದರೆ ಸಿಂಪಿಗರು ಕತ್ತರಿಸುವ ಹಾಗೆ ನಿಜ ಅಳತೆಯ ಕಾಗದವನ್ನೇ ಕೊಟ್ಟೆವು, ಮರದ ಮೇಲೆ ಇಟ್ಟು ಗೆರೆ ಎಳೆದರೆ ಆಯಿತು. ಬಡಗಿತನ ಗೊತ್ತಿಲ್ಲದ ಒಬ್ಬರು ಹಾಳೆ ಓದಿ ಮಾಡಿ ತೋರಿಸುವ ತನಕ ಯಾವ ಹಾಳೆಯೂ ಹೊರಗೆ ಹೋಗಕೂಡದು ಎಂದು ದೇಶಪಾಂಡೆ ಸಾಹೇಬರು ಆದೇಶ ಬರೆದು ಗೋಡೆಗೆ ಹಚ್ಚಿದರು. ಮೊದಲ ಸಲ ಆ 'ಗೊತ್ತಿಲ್ಲದವರು' ಆಗಿ ಕೂತವರೂ ಅವರೇ. ಒಂದು ಮಣೆ ಮಾಡುವಷ್ಟರಲ್ಲಿ ಬಿಳಿ ಅಂಗಿಯ ತೋಳು ಹರಿದು, ಹೆಬ್ಬೆರಳಿಗೆ ಸುತ್ತಿಗೆ ಬಡಿದುಕೊಂಡು, "ಬಡಿಗೇರ, ಈ ನಾಕನೇ ಸಾಲು ಯಾವ ಹುಚ್ಚ ಬರದಾನ್ರಿ?" ಎಂದು ಕೂಗಿದರು. ಆ ಸಾಲನ್ನು ತಿದ್ದಿ ಬರೆದವರು ಅವರೇ ಆಗಿದ್ದರು. ವರ್ಗವಾಗಿ ಹೋಗುವಾಗ ಆ ಮಣೆಯನ್ನು ಧಾರವಾಡಕ್ಕೆ ಒಯ್ದರು. ಒಂದು ಕಾಲು ಸ್ವಲ್ಪ ಕುಂಟುತ್ತಿತ್ತು, ಸರಿ ಮಾಡಿಕೊಡುತ್ತೇನೆಂದರೂ ಕೊಡಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿ ಬಂತು. ಒಂದರ ಮೇಲೊಂದು ಪೇರಿಸಿ ಟೆಂಪೊದಲ್ಲಿ ಹಾಕಿಕೊಂಡು ಊರೂರಿಗೆ ಮಾರಿದರು. ತೊಳೆದರೆ ಹೊಳೆಯುತ್ತಿತ್ತು, ಮಗು ಕೂಡ ಎತ್ತುತ್ತಿತ್ತು. ನಮ್ಮ ಹಾಳೆ ಕೇಳುವವರು ಕಡಿಮೆಯಾದರು. ನಾನು ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಟ್ಟು ಕಟ್ಟು ಹಾಳೆಗಳು ಕಪಾಟಿನಲ್ಲಿ ಹಳದಿಯಾಗತೊಡಗಿದವು.

ಅಂಥ ಒಂದು ದಿನ ಮಧ್ಯಾಹ್ನ ನಿಪ್ಪಾಣಿಯಿಂದ ಅಕ್ಕಾತಾಯಿ ಎಂಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದಳು. ಐವತ್ತರ ಆಸುಪಾಸು, ಬೀಡಿ ಕಟ್ಟುವವಳು. ಮರಾಠಿ ಬೆರೆಸಿದ ಕನ್ನಡ. ಬೀಡಿ ಎಲೆಯ ಕಟ್ಟಿಗೆ ಹೊದಿಕೆಯಾಗಿ ಬಂದಿದ್ದ ಒಂದು ದಪ್ಪ ಕಾಗದವನ್ನು ಮೇಜಿನ ಮೇಲೆ ಬಿಡಿಸಿ ಇಟ್ಟಳು. ಅದರ ಮೇಲೆ ಇದ್ದಿಲಿನಿಂದ ಏನೋ ಬರೆದಿತ್ತು.

"ಅಹೋ ಮಾಸ್ತರ, ನೀವು ಸಾಮಾನ ಮಾಡೂ ನಕಾಶೆ ಹಂಚತೀರಂತ. ಇದನ್ನೂ ಹಂಚ್ರಿ. ನಾ ಮಾಡೀನಿ."

ಹನ್ನೆರಡು ವರ್ಷದವಳಿದ್ದಾಗಿನಿಂದ ಅವಳು ಮಡಿಲಲ್ಲಿ ಮೊರ ಇಟ್ಟುಕೊಂಡು, ಕಾಲು ಚಾಚಿ, ನೆಲಕ್ಕೆ ಕೂತು ಬೀಡಿ ಕಟ್ಟಿದವಳು. ಬೆನ್ನು ಹೋಗಿತ್ತು. ಕುರ್ಚಿಯ ಮೇಲೆ ಕೂತರೆ ಮೊರ ನಿಲ್ಲುವುದಿಲ್ಲ, ಕೈ ಓಡುವುದಿಲ್ಲ. ಅದಕ್ಕೆ ನಾಲ್ಕು ಬೆರಳೆತ್ತರದ ಒಂದು ಮಣೆಗೆ ಬೆನ್ನಿನ ಹಲಗೆ ಜೋಡಿಸಿ, ಕೆಲಸವಾದ ಮೇಲೆ ಮಡಚಿ ಗೋಡೆಗೆ ತೂಗುಹಾಕುವ ಹಾಗೆ ತಾನೇ ಮಾಡಿಕೊಂಡಿದ್ದಳು. ಓಣಿಯ ಏಳು ಮಂದಿ ಹೆಂಗಸರು ಅದರ ಮೇಲೆ ಸರದಿಯಂತೆ ಕೂತು ನೋಡಿದ್ದರು. ಒಬ್ಬೊಬ್ಬರು ಹೇಳಿದಂತೆ ಮೂರು ಸಲ ಕಿತ್ತು ಮತ್ತೆ ಜೋಡಿಸಿದ್ದಳಂತೆ. ನಾವು ಅಷ್ಟೆಲ್ಲ ಪೆಟ್ಟು ತಿಂದು ಕಲಿತದ್ದನ್ನು ಅವಳು ಯಾರೂ ಹೇಳಿಕೊಡದೆ ಮಾಡಿದ್ದಳು.

ಕಾಗದವನ್ನು ಹತ್ತಿರ ಎಳೆದುಕೊಂಡು, ಪೆನ್ಸಿಲ್ ತೆಗೆದು ಅಳತೆ ಕೇಳುತ್ತ ಹೋದೆ. ಮಣೆಯ ಅಗಲ? "ಕುಂಡ್ರಾಕಿ ಎಷ್ಟ ಅಗಲ ಇದ್ದಾಳೋ ಅಷ್ಟು," ಎಂದಳು. ಮಣೆಯ ಉದ್ದ? "ಆಕಿ ತೊಡಿ ಅರ್ಧಾ." ಬೆನ್ನಿನ ಹಲಗೆಯ ಮೇಲೆ ಒಂದು ಅಡ್ಡಪಟ್ಟಿ ಬರೆದಿದ್ದಳು. ಅದು ಎಷ್ಟು ಎತ್ತರಕ್ಕೆ ಬರಬೇಕು ಎಂದು ಕೇಳಿದೆ.

"ಬೆನ್ನ ಎಲ್ಲಿ ನೋಯತೈತಿ, ಅಲ್ಲಿಗೆ."

"ಅದ ಎಷ್ಟ ಇಂಚ, ಅಕ್ಕಾತಾಯಿ?"

ಅವಳು ನನ್ನನ್ನು ಪಾಪ ಎನ್ನುವ ಹಾಗೆ ನೋಡಿದಳು. "ನನಗ ಎಲ್ಲಿ ನೋಯತೈತಿ ಅಂತ ನನಗ ಗೊತ್ತೈತಿ. ಇನ್ನೊಬ್ಬಾಕಿಗೆ ಎಲ್ಲಿ ನೋಯತೈತಿ ಅಂತ ನಾ ಹೆಂಗ ಇಂಚ ಹೇಳ್ಲಿ ಮಾಸ್ತರ?"

ಪೆನ್ಸಿಲ್ ಕೆಳಗಿಟ್ಟೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ. ನಮ್ಮ ಕೇಂದ್ರದಿಂದ ಹೊರಬಿದ್ದ ಹಾಳೆಗಳಲ್ಲಿ ಅಂಕಿಯೇ ಇಲ್ಲದ ಹಾಳೆ ಅದೊಂದೇ. ಕೆಳಗೆ ನನ್ನ ಹೆಸರು ಹಾಕಲಿಲ್ಲ, ಅವಳದನ್ನು ಹಾಕಿದೆ. ಹಾಳೆಗಳನ್ನು ತೆಗೆದುಕೊಂಡು ನಾನೇ ನಿಪ್ಪಾಣಿಗೆ ಹೋದೆ. ಅವಳ ಮನೆಯಲ್ಲಿ ಎಂಟ್ಹತ್ತು ಹೆಂಗಸರು ಕೂತು ಬೀಡಿ ಕಟ್ಟುತ್ತಿದ್ದರು. ಹತ್ತು ಪ್ರತಿ ಕೊಟ್ಟೆ. ಅಕ್ಕಾತಾಯಿ ಒಂದನ್ನು ದೂರ ಹಿಡಿದು, ಮರಾಠಿಯಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಾಡಿಸಿ ಓದಿದಳು. ಒಂದೊಂದಾಗಿ ಅಲ್ಲಿದ್ದವರಿಗೆ ಹಂಚಿದಳು. ಬಾಗಿಲ ಹೊರಗಿನಿಂದ ಇನ್ನೂ ಇಬ್ಬರು ಇಣುಕಿದರು. ಕೈಯಲ್ಲಿದ್ದದ್ದು ಮುಗಿದುಹೋಯಿತು.

"ಇಷ್ಟ ತಂದ್ರ ಹೆಂಗ ಆಗತೈತ್ರಿ ಮಾಸ್ತರ? ಇನ್ನ ಐವತ್ತ ಬೇಕು," ಎಂದಳು. "ನಮ್ಮ ಗಲ್ಲಿಯಾಗ ಎಲ್ಲಾರಿಗೂ ಬೆನ್ನ ಐತಿ."